ಬಾವಿಯ ಕಪ್ಪೆಯೂ ಗುರುಮೂರ್ತಿಯ ಇಂಗ್ಲಿಷೂ

ಯಗಟಿಯ ಮೇಲಿನ ಬೀದಿಯ ಬಾವಿಯ ನಾತಕ್ಕೆ ಹೆದರಿ ಕಡೂರಿನ ಬಸ್ಸು ಜನರನ್ನು ಊರ ಹೊರಗೇ ಇಳಿಸಿ ತಿರುಗಿಕೊಳ್ಳುತ್ತಿತ್ತು. ಮೇಲೆ ಹಾರಿದ ಕಾಗೆಗಳಂತೂ ಮೂಗು ಮುಚ್ಚಲು ಕೈಯಿಲ್ಲದೆ ದೊಪ್ಪನೆ ಬೀಳುತ್ತಿದ್ದವು. ಅಂಥ ಬಾವಿಯ ದಂಡೆಯಲ್ಲಿ ಹುಲಿಯಮ್ಮ ಸೆರಗನ್ನು ಮೂಗಿಗೊತ್ತಿ, ಬಾವಿ ತೊಳೆಯುವುದು ಮುಗಿಯಲೆಂದು ಬೆಳಗಿನಿಂದ ಕಾದು ನಿಂತಿದ್ದಳು. ಮಗಳು ಪ್ರಜ್ಞಾ ನಾಳೆ ಹಸುಗೂಸಿನೊಂದಿಗೆ ತರೀಕೆರೆ ಆಸ್ಪತ್ರೆಯಿಂದ ಬರುವವಳು. ನಲ್ಲಿ ಕೆಟ್ಟು ಕೂತಿದೆ. ಕೂಸಿಗೆ ಎರೆಯಲು ಇದೊಂದೇ ನೀರು.

ಬಾವಿ ಬರಿದು ಮಾಡುವಾಗ ನಡುವೆ ನಿಲ್ಲಿಸಿದರೆ ಸೆಲೆಯ ನೀರು ಮತ್ತೆ ತುಂಬಿಕೊಳ್ಳುತ್ತದೆ. ಇದು ಊರಿನ ಎಮ್ಮೆಗಳಿಗೂ ಗೊತ್ತು. ಗೊತ್ತಿಲ್ಲದವನು ಬಾವಿ ಸಮಿತಿಯ ಅಧ್ಯಕ್ಷ ಗುರುಮೂರ್ತಿ ಒಬ್ಬನೇ. ಅಜ್ಜಂಪುರದಲ್ಲಿ ಇಂಗ್ಲಿಷ್ ಕೋಚಿಂಗ್ ನಡೆಸುವ ಅವನು ಗೊರಕೆಯನ್ನೂ ಇಂಗ್ಲಿಷಿನಲ್ಲೇ ಹೊಡೆಯುತ್ತಾನೆಂದು ಪ್ರತೀತಿ. ನೀರು ಅರ್ಧಕ್ಕಿಳಿದಾಗಲೆಲ್ಲ ಪಂಪು ನಿಲ್ಲಿಸಿ, ಫೋಟೊ ಹಿಡಿದು, ಟೀ ತರಿಸುತ್ತಿದ್ದ. ಟೀ ಮುಗಿಯುವಷ್ಟರಲ್ಲಿ ಕೊಳಕು ನೀರು ಮೇಲೆ.

“ಮತ್ತೆ ಏರ್ತಾ ಅದಲ್ಲಪ್ಪಾ!” ಹುಲಿಯಮ್ಮನಿಗೆ ಹೇಸಿಗೆಯಾಯಿತು.

“ಪ್ರೋಗ್ರೆಸ್ ಅಂದ್ರೆ ಹಂಗೇ ಕಣಮ್ಮ,” ಎಂದ ಗುರುಮೂರ್ತಿ. “ಟೂ ಸ್ಟೆಪ್ಸ್ ಫಾರ್ವರ್ಡ್, ಒನ್ ಸ್ಟೆಪ್ ಬ್ಯಾಕ್ ಅಂತಾರೆ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಆಗಾಗ ಜಾರಿದ್ರೂ ಮುಂದಕ್ಕೇ ಹೋಗ್ತಿದೀವಿ ಅಂತ ಅರ್ಥ.”

“ಯಾರ್ ಸ್ವಾಮಿ ಹಂಗಂದೋರು?” ಪಂಪಿನ ಅಂಜಿನಪ್ಪ ಕೇಳಿದ.

“ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಬಾವಿಗೆ ಬಿದ್ದ ಕಪ್ಪೆ ಕಥೆಯಿಂದ ಬಂತು ಅಂತಾರೆ. ಎರಡಡಿ ಹತ್ತೋದು, ಒಂದಡಿ ಜಾರೋದು. ಕೊನೆಗೆ ಹೊರಗೆ ಬಂದೇಬಿಡ್ತು!”

ಅಂಜಿನಪ್ಪ ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಪಂಪು ತಣ್ಣಗಾಗಿತ್ತು.

ಹುಲಿಯಮ್ಮ ಬಕೆಟ್ಟು ಇಳಿಬಿಟ್ಟಳು. ಮೇಲೆಳೆದು ಗುರುಮೂರ್ತಿಯ ಟೀ ಲೋಟದ ಪಕ್ಕ ಕುಕ್ಕಿದಳು. ಒಳಗೆ ಹಸಿರು ಲೋಳೆಯಲ್ಲಿ ಒಂದು ಕಪ್ಪೆ, ಹೊಟ್ಟೆ ಕುಂಬಳಕಾಯಷ್ಟು ಉಬ್ಬಿ, ಚರ್ಮ ಸುಲಿದು ತೇಲುತ್ತಿತ್ತು.

“ತಗಳಪ್ಪ, ನಿನ್ ಕಪ್ಪೆ ಹೊರಗೆ ಬಂತು. ಎಷ್ಟು ಸಲ ಜಾರ್ತು ಅಂತ ಇದನ್ನೇ ಕೇಳು.”

ಗುರುಮೂರ್ತಿ ಕುಡಿದ ಟೀಯನ್ನೆಲ್ಲ ಹೊರಗೆ ಹಾಕುತ್ತ ಓಡಿದ ವೇಗಕ್ಕೆ ಎಮ್ಮೆದೊಡ್ಡಿಯ ಹುಲ್ಲುಗಾವಲಿನ ಹೋರಿಗಳೇ ನಾಚಿದವು.

“ಲೇ ಅಂಜಿನಪ್ಪ, ಪಂಪ್ ಹಾಕು! ತಳ ಕಾಣೋಗಂಟ ನಿಲ್ಸಿದ್ಯೋ, ನಿನ್ನನ್ನೇ ಇಳಿಸ್ತೀನಿ!” ಹುಲಿಯಮ್ಮ ಗದರಿದಳು.

ಸಂಜೆಗೆ ತಳದ ಕೆಸರೆಲ್ಲ ಮೇಲೆ ಬಂತು. ಕಲ್ಲಿನ ಸಂದಿಯಿಂದ ತಿಳಿನೀರು ಜಿನುಗತೊಡಗಿತು. ಹುಲಿಯಮ್ಮ ಮೊದಲ ಬಕೆಟ್ಟಿಗೆ ಮೂಗೊಡ್ಡಿ ಮೂಸಿದಳು. ನಾತವಿಲ್ಲ. ಕೂಸಿನ ನೀರಿಗೆಂದು ಹಂಡೆ ಉಜ್ಜಲು ಕೂತಳು. ಅಂಜಿನಪ್ಪ ಟೀ ತಂದಾಗ ಮಾತ್ರ ಆ ಕಪ್ಪೆ ನೆನಪಾಗಿ ಮುಖ ತಿರುಗಿಸಿಕೊಂಡಳು.