ಕಾಲಿಗೆ ಒದೆಯುವ ಬ್ರೇಕು

"ಈ ಬ್ರೇಕು ಯಾಕ ಹಿಂಗ ಕಾಲಿಗೆ ಒದೀತದ?" ಎಂದು ಅರಿಶಿನದ ವ್ಯಾಪಾರಿ ಗುರುಬಸಪ್ಪ ಮಿರಜಿನ ಗ್ಯಾರೇಜಿನ ಅಂಗಳದಲ್ಲಿ ನಿಂತು ಗಾಳಿಗೆ ಕೇಳಿದ. ಸಾಂಗಲಿಯಿಂದ ಬರುವಾಗ ಪೆಡಲು ಅವನ ಪಾದವನ್ನು ಮೇಲಕ್ಕೆ ನೂಕುತ್ತಲೇ ಇತ್ತು. ನಾಳೆ ಇದೇ ಲಾರಿಯಲ್ಲಿ ಮಾಲು ತುಂಬಿಕೊಂಡು ಘಟ್ಟ ಇಳಿಯಬೇಕು.

ಮಿಸ್ತ್ರಿ ಜಯಪಾಲನಿಗೆ ಈ ಸಾವಕಾರನನ್ನು ಕಂಡರಾಗದು. ಸಾಂಗಲಿ ಸಂಸ್ಥಾನದಲ್ಲಿ ಸ್ವಂತ ಲಾರಿ ಓಡಿಸುವ ವ್ಯಾಪಾರಿ ತಾನೊಬ್ಬನೇ ಎಂದು ಬೀಗುವವನು. ಓಡಿಸುವುದೆಂದರೆ ಹಾರ್ನು ಒತ್ತುವುದು ಎಂದು ತಿಳಿದವನು. ಜಯಪಾಲ ಮುಂದಿನ ಗಾಲಿ ಎತ್ತಿ ಕೈಯಿಂದ ತಿರುಗಿಸಿದ. ಪ್ರತಿ ಸುತ್ತಿಗೂ ಅದು ಒಂದೇ ಕಡೆ ಕರ್ರೆಂದು ಉಜ್ಜಿತು.

"ಒಳಗಿನ ಬ್ರೇಕಿನ ಡ್ರಮ್ಮು ಸೊಟ್ಟ ಆಗೇದ. ದೂರದಿಂದ ಬಂದಾಗ ಗಾಲಿ ಹೆಂಗಿರ್ತಾವ?"

"ಸುಡ್ತಿರ್ತಾವ. ಅದಕ್ಕ ಸೀದಾ ಕೃಷ್ಣಾದಾಗ ಇಳಸ್ತೇನಿ. ದಣದ ಎತ್ತಿನ ಮೈ ತೊಳಿಯಂಗಿಲ್ಲೇನು? ಆಮ್ಯಾಲ ಪೂಜಾ."

"ಎತ್ತಂತ, ಎತ್ತು! ಕಾದ ಹಂಚಿಗೆ ತಣ್ಣೀರು ಹೊಯ್ದ್ರ ಏನಾಗ್ತದ, ಮನ್ಯಾಗ ಹೆಣ್ಮಕ್ಕಳನ್ನ ಕೇಳ್ರಿ. ಡ್ರಮ್ಮು ಸೊಟ್ಟ ಆಗಿದ್ದೂ ಅದಕ್ಕ. ಅಷ್ಟರೆ ಬುದ್ಧಿ ಬಂದೀತು."

ಜಯಪಾಲ ಡ್ರಮ್ಮನ್ನು ಲೇಥ್ ಯಂತ್ರಕ್ಕೆ ಹಾಕಿ ದುಂಡಗೆ ಹೆರೆದು ಮತ್ತೆ ಜೋಡಿಸಿದ. ಲಾರಿಯನ್ನು ಬುಧಗಾಂವದವರೆಗೆ ಓಡಿಸಿ, ಬೇಕೆಂದೇ ಜೋರಾಗಿ ಬ್ರೇಕು ಒತ್ತುತ್ತ ತಿರುಗಿ ಬಂದ. ಪೆಡಲು ಈಗ ಕಾಲಿಗೆ ಒದೆಯಲಿಲ್ಲ. ಇಳಿದು ನೋಡಿದರೆ, ಗುರುಬಸಪ್ಪ ಹಣೆತುಂಬ ವಿಭೂತಿ ಬಳಿದುಕೊಂಡು ತುಂಬಿದ ಕೊಡ ಹಿಡಿದು ಕಾಯುತ್ತಿದ್ದ.

"ಒಂದ ಕೊಡ ನೀರು, ಜಯಪಾಲಾ. ತೊಳೀದ ಪೂಜಾ ಹೆಂಗ ಮಾಡ್ಲಿ? ಪೂಜಾ ಇಲ್ದ ಘಾಟ ಇಳೀಲಿಕ್ಕೆ ಜೀವ ಒಲ್ಲದು. ಹೂಂ ಅನ್ನೋ."

ಜಯಪಾಲ ಬಿಸಿ ಗಾಲಿಗೆ ಅಡ್ಡ ನಿಂತ.

"ಅನ್ನಂಗಿಲ್ಲ. ಕೊಡ ಕೆಳಗ ಇಡ್ರಿ."