ಒತ್ತಿದ ಮೇಲೆ

ಕುಂಚನ ಅಂಗಿಯ ಜೇಬಿನ ಕೆಳಗೆ ನೀಲಿ ಮಸಿ ಸೋರಿದೆ, ನಾಣ್ಯದಗಲ, ಅವನಿಗೆ ಇನ್ನೂ ಗೊತ್ತಾಗಿಲ್ಲ, ನನ್ನ ಕೈ ಕತ್ತರಿಸಿದ್ದೀಯ ಕಣೋ, ಮೂರು ತಿಂಗಳ ಕೆಲಸ ಒಂದು ಭಾನುವಾರದಲ್ಲಿ ಕಿತ್ತು ಬಿಸಾಕಿದ್ದೀಯ, ಒಂದು ಮಾತು ಹೇಳಬೇಕು ಅನ್ನಿಸಲಿಲ್ವಾ ನಿಂಗೆ, ಅಂತ ಕುಂಚ ಕೂಗುತ್ತಿದ್ದಾನೆ, ಒಂದೊಂದು ಮಾತಿಗೂ ಆ ಮಸಿಯ ಚುಕ್ಕೆ ಮೇಲಕ್ಕೂ ಕೆಳಕ್ಕೂ ಹೋಗುತ್ತದೆ, ಹೇಳಿದ್ರೆ ಬಿಡ್ತಿದ್ದೆಯಾ, ಅಂತ ನಾನೂ ಕೂಗುತ್ತೇನೆ, ಒಂದು ವಾರ ಮುಖ ಊದಿಸ್ಕೊಂಡು ಕೂತಿರ್ತಿದ್ದೆ, ಅಷ್ಟರಲ್ಲಿ ಇನ್ನೂರು ಜನ ಆ ವೆಬ್‌ಸೈಟಿನ ಪುಟದ ಮುಂದೆ ಒದ್ದಾಡಿರ್ತಿದ್ರು, ಬಣ್ಣ ಬಳಿಯೋನು ಬಣ್ಣ ಬಳ್ಕೊಂಡಿರಬೇಕು, ಸ್ಕ್ರಿಪ್ಟಿಗೆ ಕೈ ಹಾಕಬಾರದು — ಇಷ್ಟು ಅನ್ನಬಾರದಿತ್ತು, ಅಂದಾಯಿತು, ನನ್ನ ನಾಲಿಗೆ ಯಾವಾಗಲೂ ನನಗಿಂತ ಒಂದು ಹೆಜ್ಜೆ ಮುಂದೆ. ಕುಂಚ ಅನ್ನುವುದು ನಾನಿಟ್ಟ ಹೆಸರು, ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು ಅವನು, ನನ್ನನ್ನು ರೇಡಿಯೋ ಅನ್ನುತ್ತಾನೆ, ರೇಡಿಯೋ ಟೀವಿ ರಿಪೇರಿ ಮಾಡುತ್ತಿದ್ದವನು ನಾನು, ಜನ ಬೋರ್ಡು ಬರೆಸುವುದನ್ನೂ ರಿಪೇರಿ ಮಾಡಿಸುವುದನ್ನೂ ಬಿಟ್ಟ ಕಾಲಕ್ಕೆ ಇಬ್ಬರೂ ಒಂದೇ ಕಂಪ್ಯೂಟರ್ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಸಿಕ್ಕೆವು, ಸುತ್ತ ಎಲ್ಲ ಹದಿನೆಂಟರವರು, ನಮಗೆ ಮೂವತ್ತೇಳು, ಏನಣ್ಣಾ, ಮಕ್ಕಳನ್ನ ಬಿಡೋಕೆ ಬಂದ್ರಾ, ಅಂತ ಮೊದಲ ದಿನ ಬಾಗಿಲಲ್ಲೇ ಕೇಳಿದ್ದರು, ನಮ್ಮಿಬ್ಬರಿಗೂ ಮಕ್ಕಳಿರಲಿಲ್ಲ, ಹೂಂ ಬರ್ತಾ ಇದಾರೆ ಹಿಂದೆ, ಅಂದಿದ್ದ ಕುಂಚ. ಹದಿನಾಲ್ಕು ವರ್ಷ, ಸೈಕಲ್ ಅಂಗಡಿಯ ಮೇಲಿನ ಈ ಒಂದು ಕೋಣೆ, ಎರಡು ಮೇಜು, ಅವನ ಕಡೆಗೇ ಜಾಸ್ತಿ ಗಾಳಿ ಕೊಡುವ ಒಂದು ಫ್ಯಾನು, ವೆಬ್‌ಸೈಟು ಮಾಡಿಕೊಡುತ್ತೇವೆ, ಹೇಗೆ ಕಾಣಬೇಕು ಅನ್ನುವುದು ಅವನದು, ಮುಟ್ಟಿದರೆ ಏನಾಗಬೇಕು ಅನ್ನುವುದು ನನ್ನದು, ಅಂದರೆ ಜಾವಾಸ್ಕ್ರಿಪ್ಟು, ಈಚೆಗೆ ಅದನ್ನು ಅವನೂ ಕಲಿತ, ಕಲಿತದ್ದೇ ತಡ ಪುಟದಲ್ಲಿ ಇದ್ದಬದ್ದದ್ದನ್ನೆಲ್ಲ ಕುಣಿಸಲು ಶುರು ಮಾಡಿದ, ಅಲ್ಲಿಂದಲೇ ಕೆಟ್ಟದ್ದು.

ಕಣ್ಣಾಸ್ಪತ್ರೆಯವರು ನನಗೆ ಹೇಳಿದ್ದು ಇಷ್ಟೇ, ರೋಗಿಗಳು ಫೋನು ಹಿಡಿದು ಕಾಯುವ ಬದಲು ಪುಟದಲ್ಲೇ ಡಾಕ್ಟರನ್ನು ಕಾಣುವ ಸಮಯ ಆರಿಸಿಕೊಳ್ಳಬೇಕು, ಕುಂಚ ಅದಕ್ಕೆ ಎಡದಿಂದ ಹಾರಿ ಬರುವ ಚಿತ್ರ, ಬಲದಿಂದ ಹಾರಿ ಬರುವ ಚಿತ್ರ, ಮೌಸ್ ಸೋಕಿದರೆ ಅರಳಿ ಸರಿದರೆ ಮುಚ್ಚಿಕೊಳ್ಳುವ ಮೆನು, ಮೂರು ಮೂರು ಸೆಕೆಂಡಿಗೆ ಬದಲಾಗುವ ತಲೆಬರಹ ಎಲ್ಲ ಹಾಕಿದ, ಚೆನ್ನಾಗಿತ್ತು, ನಾನೂ ಚೆನ್ನಾಗಿದೆ ಅಂದಿದ್ದೆ, ಶನಿವಾರ ಆಸ್ಪತ್ರೆಗೆ ಹೋಗುವ ತನಕ. ಅಲ್ಲಿ ಹಾಲಿನ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇಟ್ಟಿದ್ದಾರೆ, ಅರವತ್ತರ ಹೆಂಗಸು, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಇನ್ನೊಂದರಿಂದ ಪರದೆಗೆ ಮೂಗು ತಾಗಿಸಿಕೊಂಡು ಕೂತಿದ್ದಳು, ಮೆನು ಅರಳಿತು, ಅವಳ ಬಾಣದ ಗುರುತು ಅದರ ಕಡೆ ಹೊರಟಿತು, ಕೈ ನಡುಗಿ ಒಂದು ಎಳೆಯಷ್ಟು ಆಚೆ ಸರಿಯಿತು, ಮೆನು ಮುಚ್ಚಿತು, ಮತ್ತೆ ಅರಳಿತು, ಮತ್ತೆ ಮುಚ್ಚಿತು, ಕೊನೆಗೆ ಹೇಗೋ ಒಳಗೆ ಹೋದಳು, ಬಟನ್ ಒತ್ತಬೇಕು ಅನ್ನುವಷ್ಟರಲ್ಲಿ ಮೇಲೆ ಚಿತ್ರ ಬಂದು ಕೂತು ಬಟನ್ ಎರಡಿಂಚು ಕೆಳಗೆ ಜಾರಿತು, ಅವಳು ಒತ್ತಿದ್ದು ಜಾಹೀರಾತಿನ ಮೇಲೆ, ಯಾವುದೋ ಕನ್ನಡಕದ ಪುಟ ತೆರೆದುಕೊಂಡಿತು, ತಪ್ಪಾಯ್ತಪ್ಪ, ಅಂದಳು, ಯಾರಿಗೆ, ಯಂತ್ರಕ್ಕೆ, ನನ್ನ ಕಣ್ಣೇ ಸರಿಯಿಲ್ಲ, ತಪ್ಪಾಯ್ತು, ಅಂತ ಎದ್ದು ಹೋಗಿ ಮುಂದಿನ ಮೇಜಿನ ಸಾಲಿನಲ್ಲಿ ನಿಂತಳು — ನಾವು ಮಾಡಿದ ತಪ್ಪಿಗೆ ಅವಳು ಕ್ಷಮೆ ಕೇಳಿದಳಲ್ಲ, ಎದ್ದು ಹೋಗಿ ಅಮ್ಮಾ ತಪ್ಪು ನಿಮ್ಮದಲ್ಲ ಅನ್ನಬಹುದಿತ್ತು, ಅನ್ನಲಿಲ್ಲ, ಹಲ್ಲು ಕಚ್ಚಿಕೊಂಡು ಬಂದೆ. ಭಾನುವಾರ ಬೆಳಿಗ್ಗೆ ಕೂತೆ, ಸಂಜೆಯ ಹೊತ್ತಿಗೆ ಹಾರುವುದು, ಜಾರುವುದು, ಅರಳುವುದು ಯಾವುದೂ ಇಲ್ಲ, ಸ್ಕ್ರಿಪ್ಟ್ ಇರುವುದು ಕೂತವರ ಕೆಲಸ ಹಗುರ ಮಾಡಲು, ಫೋನ್ ನಂಬರಿನಲ್ಲಿ ಒಂದು ಅಂಕಿ ಕಮ್ಮಿಯಾದರೆ ಅಲ್ಲೇ, ಆಗಲೇ ಹೇಳಬೇಕು, ಎಲ್ಲ ತುಂಬಿಸಿದ ಮೇಲೆ ಅಲ್ಲ, ಒಂದು ತಪ್ಪಾದರೆ ತುಂಬಿಸಿದ್ದೆಲ್ಲ ಅಳಿಸಿಹೋಗಬಾರದು, ಮೌಸ್ ಹಿಡಿಯಲಾಗದವರು ಕೀಬೋರ್ಡಿನಲ್ಲೇ ಕೊನೆಯವರೆಗೂ ಹೋಗಬೇಕು, ಒತ್ತಿದರೆ ಇಡೀ ಪುಟ ಬಿಳಿಯಾಗಿ ಮತ್ತೆ ಮೊದಲಿಂದ ಬರಬಾರದು, ಸದ್ದಿಲ್ಲದೆ ಹಿಂದಿನಿಂದಲೇ ಸರ್ವರ್‌ಗೆ, ಎಲ್ಲ ಬರೆದಿಟ್ಟುಕೊಳ್ಳುವ ಆ ದೂರದ ಕಂಪ್ಯೂಟರಿಗೆ, ಹೋಗಬೇಕು, ಇದೆಲ್ಲ ಮಾಡಿದೆ, ಕುಂಚನ ಅಲುಗಾಟದ ಫೈಲು ಪೂರ್ತಿ ಅಳಿಸಿದೆ, ಇಟ್ಟಿದ್ದರೆ ಮತ್ತೆ ತಂದು ಹಾಕುತ್ತಾನೆ ಅಂತ ಹಳೆಯ ಪ್ರತಿಗಳನ್ನೂ ಹುಡುಕಿ ಹುಡುಕಿ ಅಳಿಸಿದೆ. ಊರ ಶಾಲೆಯ ಮೇಷ್ಟ್ರು ನನ್ನ ಕಿವಿ ಹಿಂಡಿ ಹೇಳುತ್ತಿದ್ದರು, ಒಂದಕ್ಷರ ತಪ್ಪಿದ್ರೆ ಆ ಒಂದಕ್ಷರ ಒರೆಸೋ, ಇಡೀ ಸ್ಲೇಟು ಯಾಕೋ ಉಗುಳು ಹಚ್ಚಿ ಒರೆಸ್ತೀಯ, ಅಂತ, ಆಗಲೂ ಸಿಟ್ಟಿಗೇ ಒರೆಸುತ್ತಿದ್ದದ್ದು.

ಹೋಗ್ಲಿ, ಇನ್ನೂ ಏನೇನು ಒರೆಸಿದ್ದೀಯ ಹೇಳು, ಅನ್ನುತ್ತಿದ್ದಾನೆ ಕುಂಚ, ದನಿ ಇಳಿದಿದೆ, ಇಳಿದರೆ ನನಗೆ ಭಯ, ಕೂಗಾಡುವಾಗ ಅವನು ನನ್ನವನೇ, ಕೂಗಾಡಿ ಒಂದು ಗಂಟೆಗೆ ಡಬ್ಬಿ ತೆರೆದು, ತಗೋ ರೇಡಿಯೋ, ತಿಂದು ಸಾಯಿ, ಅಂತ ಅರ್ಧ ನನ್ನ ಕಡೆ ತಳ್ಳುತ್ತಾನೆ, ಅವನ ಹೆಂಡತಿ ಡಬ್ಬಿಗೆ ಒಬ್ಬರಿಗಿಂತ ಜಾಸ್ತಿ ಹಾಕುತ್ತಾಳೆ, ಯಾರಿಗೆ ಅಂತ ಯಾರೂ ಬಾಯಿಬಿಟ್ಟು ಹೇಳಿಲ್ಲ, ಆರು ವರ್ಷದಿಂದ, ನನ್ನವಳು ಅಕ್ಕನ ಮನೆಗೆ ಹೋಗಿ ಅಲ್ಲೇ ಉಳಿದಾಗಿನಿಂದ. ಅವಳು ಜಗಳ ಮಾಡಿ ಹೋಗಲಿಲ್ಲ, ಜಗಳ ಮಾಡಿದ್ದರೆ ಉಳಿಯುತ್ತಿದ್ದಳೋ ಏನೋ, ಅವಳ ಮಿಕ್ಸಿ, ಅವಳ ಇಸ್ತ್ರಿಪೆಟ್ಟಿಗೆ, ಅವಳ ಚಪ್ಪಲಿಯ ಉಂಗುಷ್ಠ, ಕೆಟ್ಟದ್ದೆಲ್ಲ ಕೇಳುವ ಮೊದಲೇ ಸರಿಮಾಡಿ ಇಟ್ಟಿರುತ್ತಿದ್ದೆ, ಎಲ್ಲಾ ಮಾಡ್ತೀರಿ, ಗೋಡೆ ಜೊತೆ ಇದ್ದ ಹಾಗಿದೆ ನಂಗೆ, ಅಂದಳು ಒಂದು ದಿನ, ಬಟ್ಟೆ ಮಡಚುತ್ತ. ಮನೆಯಲ್ಲಿ ಈಗ ನಾನು ಬಾಯಿ ತೆರೆಯುವುದು ಹಲ್ಲುಜ್ಜಲು, ಬೆಳಿಗ್ಗೆ ಹತ್ತಕ್ಕೆ ಈ ಕೋಣೆಗೆ ಬಂದು ಕುಂಚನಿಗೆ ಬಯ್ಯುವಾಗ ದಿನದ ಮೊದಲ ಮಾತು, ಕೆಲವು ಸಲ ದನಿ ಒಡೆದು ಬರುತ್ತದೆ, ತುಕ್ಕು ಹಿಡಿದಿದೆ ರೇಡಿಯೋಗೆ, ಅಂತ ನಗುತ್ತಾನೆ, ಇವನೊಬ್ಬ ಹೋದರೆ ಶುಕ್ರವಾರ ಯಾವುದು ಶನಿವಾರ ಯಾವುದು ಅಂತ ನನಗೆ ಹೇಳುವವರಿಲ್ಲ, ಇದು ನನಗೆ ಗೊತ್ತಿದೆ, ಅವನಿಗೆ ಗೊತ್ತಿದೆಯೋ ಇಲ್ಲವೋ, ಹೇಳಿಲ್ಲ. ಫೋನು ಬಡಿದುಕೊಳ್ಳುತ್ತದೆ, ಸ್ಪೀಕರಿನಲ್ಲಿ ಹಾಕುತ್ತೇನೆ, ಆಸ್ಪತ್ರೆಯ ಮುಂದಿನ ಮೇಜಿನ ಹೆಂಗಸು, ಸರ್, ಏನ್ಮಾಡಿದ್ದೀರಿ ನೀವು, ಬೆಳಿಗ್ಗೆಯಿಂದ ಬರೀ ಫೋನು, ನಾನು ಒತ್ತಿದೆ ಆಯ್ತಾ ಇಲ್ವಾ, ಒತ್ತಿದೆ ಆಯ್ತಾ ಇಲ್ವಾ ಅಂತ, ಒಬ್ಬರು ತಾತ ಒಂಬತ್ತೂವರೆ ಒತ್ತಿದ್ದಾರೆ, ಏನೂ ಆಗಲಿಲ್ಲ ಅಂತ ಹತ್ತು ಗಂಟೆದು ಒತ್ತಿದ್ದಾರೆ, ಹತ್ತೂವರೆ, ಹನ್ನೊಂದು, ಏಳು ಸಮಯ ಅವರೊಬ್ಬರದೇ ಸರ್, ಡಾಕ್ಟ್ರ ಇಡೀ ಬೆಳಿಗ್ಗೆ ಅವರದೇ, ಬೇರೆಯವರಿಗೆ ಖಾಲಿ ಇಲ್ಲ ಅಂತ ತೋರಿಸ್ತಿದೆ, ಡಾಕ್ಟ್ರು ಸುಮ್ನೆ ಕೂತು ಗೋಡೆ ನೋಡ್ತಿದಾರೆ, ತಾತ ಬಂದೇ ಇಲ್ಲ, ಫೋನ್ ಮಾಡಿದ್ರೆ ನಂದು ಆಯ್ತು ಅಂತ ಗೊತ್ತೇ ಆಗಲಿಲ್ಲವಲ್ಲಮ್ಮ ಅಂದ್ರು — ನೋಡ್ತೀನಿ, ಅಂತ ಇಟ್ಟೆ.

ಕುಂಚ ನನ್ನ ಮೇಜಿಗೆ ಬಂದ, ಬಗ್ಗಿ ಪುಟ ತೆರೆದ, ಒಂದು ಸಮಯ ಆರಿಸಿ ಒತ್ತಿದ, ಪುಟ ಹಾಗೇ ಇದೆ, ಒತ್ತಿದೆ, ಏನಾಯ್ತು, ಅಂದ, ಹೋಯ್ತು, ಅಂದೆ, ಎಲ್ಲಿಗೆ, ಸರ್ವರ್‌ಗೆ, ನಂಗೆ ಹೆಂಗೆ ಗೊತ್ತಾಗಬೇಕು, ಅಂದ, ನಾನು ನನ್ನ ಇನ್ನೊಂದು ಪರದೆ ತೋರಿಸಿದೆ, ಅಲ್ಲಿ ಸರ್ವರಿನ ಪಟ್ಟಿ, ಒಬ್ಬೊಬ್ಬರು ಒತ್ತಿದಾಗಲೂ ಒಂದೊಂದು ಸಾಲು ಬಂದು ಸೇರುತ್ತದೆ, ಭಾನುವಾರ ಪೂರ್ತಿ ಅದನ್ನೇ ನೋಡಿಕೊಂಡು ಒತ್ತಿ ಒತ್ತಿ ಪರೀಕ್ಷೆ ಮಾಡಿದ್ದೆ, ಪ್ರತಿಸಲವೂ ಬಂತು, ನನಗೆ ಕಾಣುತ್ತಿತ್ತು, ನನಗೆ ಕಂಡರೆ ಲೋಕಕ್ಕೆಲ್ಲ ಕಂಡ ಹಾಗೆ ಅಂದುಕೊಂಡೆನಲ್ಲ, ಆ ತಾತನ ಮನೆಯಲ್ಲಿ ಈ ಎರಡನೇ ಪರದೆ ಎಲ್ಲಿದೆ. ನನ್ನದರಲ್ಲಿ ಇತ್ತು ಕಣೋ, ಅಂದ ಕುಂಚ, ಈಗ ಕೂಗುತ್ತಿಲ್ಲ, ಕ್ಲಾಸಿನಲ್ಲಿ ಪಾಠ ಒಪ್ಪಿಸುವ ಹಾಗೆ ಹೇಳುತ್ತಿದ್ದಾನೆ, ಸಮಯ ಆರಿಸಿ ಒತ್ತಿದ್ರೆ ಆ ಪೆಟ್ಟಿಗೆ ಅಲ್ಲಿಂದ ಎದ್ದು ಕೆಳಗೆ ಇಳೀತಿತ್ತು, ಅವರ ಹೆಸರಿನ ಪಕ್ಕ ಕೂರ್ತಿತ್ತು, ಹಸಿರಾಗ್ತಿತ್ತು, ನಿಮ್ಮದಾಯ್ತು ಅಂತ ಬರ್ತಿತ್ತು, ಬಾಕಿ ಕುಣಿತ ಎಲ್ಲ ಆಸ್ಪತ್ರೆಯವರು ಕೇಳಿದ್ರು ಅಂತ ಹಾಕಿದ್ದು, ಕಿತ್ತಿದ್ದು ಒಳ್ಳೇದೇ ಮಾಡಿದೆ, ಇದೊಂದು ಮಾತ್ರ ನನ್ನದು, ಬೇಗ ಇಳಿದ್ರೆ ಕಣ್ಣಿಗೆ ಸಿಗಲ್ಲ, ನಿಧಾನ ಆದ್ರೆ ಕೈ ಇನ್ನೊಂದು ಸಲ ಒತ್ತುತ್ತೆ, ಹದಿನೈದು ದಿನ ಕೂತಿದ್ದೀನಿ ಅದಕ್ಕೆ, ಮಬ್ಬು ಕನ್ನಡಕ ಹಾಕ್ಕೊಂಡು ನೋಡಿದ್ದೀನಿ, ನೀನು ಫೈಲ್ ತೆಗೆದು ಒಂದು ಸಲ ಓದಿದ್ದಿದ್ರೆ ಸಾಕಿತ್ತು. ಓದಿರಲಿಲ್ಲ. ಬಣ್ಣ ಬಳಿಯುವವನು ಬರೆದದ್ದರಲ್ಲಿ ಓದುವುದೇನು ಅಂದುಕೊಂಡಿದ್ದೆ. ಈಗ ಹೇಳಬೇಕು, ತಪ್ಪು ನಂದು ಕುಂಚ, ನಾಲ್ಕು ಪದ ಕೂಡ ಇಲ್ಲ, ಬದಲಿಗೆ ನನ್ನ ಕುರ್ಚಿ ತಿರುಗುತ್ತದೆ, ಬೆರಳು ಕೀಬೋರ್ಡಿನ ಮೇಲೆ ಬೀಳುತ್ತದೆ, ಹತ್ತು ನಿಮಿಷ, ಸರಿಮಾಡ್ತೀನಿ, ಅನ್ನುತ್ತೇನೆ ಪರದೆಗೆ, ಪುಟದ ಮಾತು ಬಿಡು, ಅನ್ನುತ್ತಾನೆ ಬೆನ್ನ ಹಿಂದಿನಿಂದ, ಬಣ್ಣ ಬಳಿಯೋನು ಅಂದೆಯಲ್ಲ, ಅದಕ್ಕೇನಾದ್ರೂ ಹೇಳ್ತೀಯಾ, ನಾನು ಬರೆಯುತ್ತಿದ್ದೇನೆ, ಸರ್ವರ್ ಹೂಂ ಅಂದರೆ ಹೀಗೆ, ಊಹೂಂ ಅಂದರೆ ಹಾಗೆ, ಉತ್ತರವೇ ಬರದಿದ್ದರೆ ಐದು ಸೆಕೆಂಡು ಕಾದು ಮತ್ತೆ ಪ್ರಯತ್ನಿಸಿ ಅಂತ ತೋರಿಸು, ಮೂರಕ್ಕೂ ಬರೆಯುತ್ತಿದ್ದೇನೆ, ಬೇಗ ಬರೆದರೆ ಅವನಿಗೇ ಗೊತ್ತಾಗುತ್ತದೆ ನನಗೆಷ್ಟು ನೋವಾಗಿದೆ ಅಂತ, ಅವನು ಕಾಯುತ್ತಿದ್ದಾನೆ, ಕೇಳುತ್ತಿದೆ ನನಗೆ ಅವನು ಕಾಯುವುದು, ಮೂಗಿನಲ್ಲಿ ಉಸಿರು, ಆಮೇಲೆ ಜಿಪ್ಪಿನ ಸದ್ದು, ಬಣ್ಣದ ಕಾರ್ಡುಗಳನ್ನು ಚೀಲಕ್ಕೆ ಹಾಕುವ ಸದ್ದು, ಆಯ್ತು ಬಿಡು, ಅಂದ, ಮೆಟ್ಟಿಲು, ಒಂದು, ಎರಡು, ಎಂಟನೆಯದು ಸಡಿಲ, ಅದು ಕುಂಯ್ ಅಂತು, ಅಂಗಿಯ ಮಸಿಯ ವಿಷಯ ಹೇಳಲಿಲ್ಲವಲ್ಲ, ಬೀದಿಯಲ್ಲಿ ಹಾಗೇ ಹೋಗುತ್ತಾನೆ, ಕೆಳಗೆ ಸೈಕಲ್ ಅಂಗಡಿಯವನು ಏನು ಕುಂಚಣ್ಣ ಇಷ್ಟು ಬೇಗ ಅಂದದ್ದು ಕೇಳಿತು, ಅವನು ಏನಂದ ಅಂತ ಕೇಳಿಸಲಿಲ್ಲ.

ಹತ್ತು ನಿಮಿಷ ಅಂದವನು ಹನ್ನೆರಡರಲ್ಲಿ ಮುಗಿಸಿದೆ, ಒತ್ತಿದರೆ ಪೆಟ್ಟಿಗೆ ಕೆಳಗಿಳಿಯುತ್ತದೆ, ಹಸಿರಾಗುತ್ತದೆ, ನಿಮ್ಮದಾಯ್ತು ಅಂತ ಬರುತ್ತದೆ, ಆಸ್ಪತ್ರೆಯ ಮೇಜಿನ ಹೆಂಗಸು ಮರುದಿನ ಫೋನು ಮಾಡಿ ಈಗ ಸರಿಯಾಯ್ತು ಸರ್, ಥ್ಯಾಂಕ್ಸ್ ಅಂದಳು, ಆ ಇನ್ನೊಬ್ಬ ಸರ್‌ಗೂ ಹೇಳಿ ಅಂದಳು, ಹೂಂ ಅಂದೆ, ಇವತ್ತು ಗುರುವಾರ ಇರಬೇಕು, ಅವನ ಮೇಜಿನ ಮೇಲೆ ಧೂಳು ಇನ್ನೂ ಕಾಣುವಷ್ಟಿಲ್ಲ, ಫ್ಯಾನನ್ನು ನನ್ನ ಕಡೆ ತಿರುಗಿಸಿಕೊಳ್ಳಬಹುದು, ತಿರುಗಿಸಿಲ್ಲ, ನಿನ್ನೆ ಅವನ ಹೆಂಡತಿ ಬಂದು ಕುರ್ಚಿಯ ಮೇಲಿನ ಸ್ವೆಟರು, ಲೋಟ, ಮಬ್ಬು ಗಾಜಿನ ಹಳೇ ಕನ್ನಡಕ ತೆಗೆದುಕೊಂಡಳು, ಅವರು ಬರಲ್ಲ ಭಾವ, ಪ್ರೆಸ್ಸಲ್ಲಿ ಅಚ್ಚು ಹಾಕೋರ ಹತ್ರ ಕೆಲಸಕ್ಕೆ ಸೇರ್ಕೊಂಡ್ರು, ಅಂದಳು, ಊಟ ಮಾಡ್ತೀರಾ ಸರಿಯಾಗಿ, ಅಂದಳು, ಹೂಂ ಅಂದೆ. ಒಂದು ಮಾತ್ರ ಸರಿಹೋಗಿಲ್ಲ, ಪೆಟ್ಟಿಗೆ ಇಳಿಯುವ ರೀತಿ, ನನ್ನದು ಕಲ್ಲು ಬಿದ್ದ ಹಾಗೆ ಬೀಳುತ್ತದೆ, ಅವನದು ಹಾಗಿರಲಿಲ್ಲ, ಮೊದಲು ಬೇಗ, ಆಮೇಲೆ ತುಂಬಿದ ಬಿಂದಿಗೆಯನ್ನು ನೆಲಕ್ಕೆ ಇಡುವವರ ಹಾಗೆ ಸೊಂಟ ಬಗ್ಗಿಸಿ ಬಗ್ಗಿಸಿ ನಿಧಾನ, ಕೊನೆಯ ಒಂದು ಎಳೆಯಲ್ಲಿ ಏನೋ ಮಾಡಿದ್ದ, ಏನದು, ನಾಲ್ಕು ದಿನದಿಂದ ಅಂಕಿ ಬದಲಿಸುತ್ತಿದ್ದೇನೆ, ಅರ್ಧ ಸೆಕೆಂಡು, ಅರ್ಧಕ್ಕಿಂತ ಸ್ವಲ್ಪ ಕಮ್ಮಿ, ಜನರಿಗೆ ಇಷ್ಟು ಸಾಕು, ಯಾರೂ ದೂರಿಲ್ಲ, ನನಗೇ ಬೇಕು, ಪರೀಕ್ಷೆಯ ಪ್ರತಿಯಲ್ಲಿ ಹತ್ತೂವರೆ ಆರಿಸುತ್ತೇನೆ, ಒತ್ತುತ್ತೇನೆ, ಪೆಟ್ಟಿಗೆ ಇಳಿಯುತ್ತದೆ, ಹಸಿರಾಗುತ್ತದೆ, ಅದಲ್ಲ, ಅಂಕಿ ಬದಲಿಸಿ ಮತ್ತೆ ಒತ್ತುತ್ತೇನೆ, ಇಳಿಯುತ್ತದೆ, ಅದಲ್ಲ, ಕೊನೆಯಲ್ಲಿ ನಿಲ್ಲಿಸಿದ್ದನೋ, ಒಂದು ಉಸಿರಿನಷ್ಟು, ಕೂರಲೋ ಬೇಡವೋ ಅನ್ನುವ ಹಾಗೆ, ಹಾಗೆ ಬರೆದು ಒತ್ತುತ್ತೇನೆ, ಇಳಿಯುತ್ತದೆ, ಇಳಿಯುತ್ತದೆ, ಕೂರಬೇಕಾದ ಜಾಗಕ್ಕಿಂತ ಒಂದು ಎಳೆ ಮೇಲೆ ನಿಲ್ಲುತ್ತದೆ, ಕೂರುವುದಿಲ್ಲ, ಹಸಿರಾಗುವುದಿಲ್ಲ, ಮತ್ತೆ ಒತ್ತುತ್ತೇನೆ, ಒಂದು ಎಳೆ ಮೇಲೆ, ಅಲ್ಲೇ —