ಖಾರದ ಕೈ

ದಿಲನಾಜಳ ಇಂಟರ್ನ್‌ಶಿಪ್ ಮುಗಿಯಲು ಐದೇ ದಿನ ಉಳಿದಿದ್ದವು. ರಾಣೆಬೆನ್ನೂರಿನ ಹೆದ್ದಾರಿ ಬದಿಯ ಹೋಟೆಲಿನ ಮ್ಯಾನೇಜರ್ ಕೊಟ್ರೇಶ ಸರ್ಟಿಫಿಕೇಟಿಗೆ ಸಹಿ ಹಾಕಿದರೆ ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಪಾಸು. ಇಲ್ಲದಿದ್ದರೆ ಮೂರು ವರ್ಷದ ಓದು ನೀರುಪಾಲು. ಹೆಸರಿಗೆ ತರಬೇತಿ. ಆರು ತಿಂಗಳು ಮಾಡಿದ್ದೆಲ್ಲ ಹಾಸಿಗೆ ಝಾಡಿಸುವುದು, ಟಾವೆಲ್ ಮಡಚುವುದು. ಅದನ್ನಾದರೂ ಕಲಿಸಿದವಳು ಹದಿನೆಂಟು ವರ್ಷದಿಂದ ಅಲ್ಲಿ ಬಟ್ಟೆ ಒಗೆಯುತ್ತಿದ್ದ ಸಿದ್ದವ್ವ. ಕೊಟ್ರೇಶ ಕಲಿಸಿದ್ದು ಕೈಕಟ್ಟಿ ನಿಲ್ಲುವುದನ್ನು ಮಾತ್ರ.

ಅಂದು ಬೆಳಿಗ್ಗೆ ಬ್ಯಾಡಗಿಯ ಮನೆಯಲ್ಲಿ ದಿಲನಾಜ ತಾಯಿ ರಹಿಮತಬಿಯ ಜೊತೆ ಕೂತು ಕೂಲಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಿದ್ದಳು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಆದರೆ ಆ ದಿನದ ಚೀಲ ಆಂಧ್ರದ ಕಡೆಯದು, ಘಾಟೆಂದರೆ ಘಾಟು. ಹುಟ್ಟಿದಾಗಿನಿಂದ ಅದರಲ್ಲೇ ಕೈಯಾಡಿಸಿದವರಿಗೆ ಉರಿ ಎಲ್ಲಿ ಗೊತ್ತಾಗಬೇಕು? ಬಸ್ಸು ತಪ್ಪೀತೆಂದು ಎಣ್ಣೆ ಹಚ್ಚಿ ತಿಕ್ಕದೆ, ಬರೀ ನೀರಲ್ಲಿ ಕೈ ತೊಳೆದು ಓಡಿದ್ದಳು.

ಹೋಟೆಲಿಗೆ ಬಂದಿಳಿದವರಿಗೆ ಮುಖ ಒರೆಸಿಕೊಳ್ಳಲು ಪುಟ್ಟ ಹಸಿ ಟಾವೆಲ್ ಕೊಡುವ ರಿವಾಜು. ಅವನ್ನು ಹಿಂಡಿ ಸುರುಳಿ ಸುತ್ತಿಟ್ಟವಳು ದಿಲನಾಜ. ಹನ್ನೊಂದರ ಹೊತ್ತಿಗೆ ಬಂದ ಕುಟುಂಬವೊಂದು ಮಗುವಿನ ಮುಖ ಒರೆಸಿದ್ದೇ ತಡ, ಮಗು ಕಣ್ಣುಜ್ಜುತ್ತ ಚೀರಿ ನೆಲಕ್ಕೆ ಬಿತ್ತು. ತನ್ನ ಕೈಯ ಕೆಲಸವೇ ಇದು ಎಂದು ದಿಲನಾಜಳಿಗೆ ಆಗಲೇ ತಿಳಿದುಹೋಯಿತು.

ಕೊಟ್ರೇಶ ಮಾತ್ರ ನೇರ ಸಿದ್ದವ್ವನ ಮೇಲೆ ಹರಿಹಾಯ್ದ. "ಸೋಪಿನ ಪೌಡರ್ ಸುರದು ಹಂಗ ತಗದೀಯೇನ? ಜಾಲಾಡ್ಸಾಕ ಬರೂದಿಲ್ಲ?"

"ಮೂರು ಸಲ ಜಾಲಾಡ್ಸೇನ್ರಿ ಸಾಹೇಬ್ರ. ಬೇಕಾದ್ರ ಈ ಹುಡುಗೀನ ಕೇಳ್ರಿ, ನನ್ನ ಬಾಜೂಕ ಇದ್ಲು."

"ಖರೇ ಏನವಾ?" ಕೊಟ್ರೇಶ ದಿಲನಾಜಳತ್ತ ತಿರುಗಿದ.

ಸಿದ್ದವ್ವ ಅವಳನ್ನೇ ನಂಬಿ ನೋಡುತ್ತಿದ್ದಳು. ದಿಲನಾಜ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನಾ ನೋಡಿಲ್ರಿ ಸರ್."

"ನಾಳಿಂದ ಬರಬ್ಯಾಡ" ಎಂದ ಕೊಟ್ರೇಶ. ಸಿದ್ದವ್ವ ಏಪ್ರನ್ ಬಿಚ್ಚಿ, ನಾಲ್ಕು ಮೂಲೆ ಕೂಡಿಸಿ ಮಡಚಿ ಮೇಜಿನ ಮೇಲಿಟ್ಟು, ಹಿಂಬಾಗಿಲಿನಿಂದ ಹೊರಟುಹೋದಳು. ಮಗುವಿನ ಕಣ್ಣು ಸಂಜೆಗೆ ಸರಿಹೋಯಿತು. ಸಿದ್ದವ್ವನ ಕೆಲಸ ಹೋದದ್ದು ಹೋಗಿಯೇ ಹೋಯಿತು.

ಐದನೆಯ ದಿನ ಸರ್ಟಿಫಿಕೇಟ್ ಕೈಸೇರಿತು. ನಡತೆ: ಅತ್ಯುತ್ತಮ. ಮನೆಯಲ್ಲಿ ರಹಿಮತಬಿ ಎಣ್ಣೆ ಹಚ್ಚಿ, ಎರಡು ಸಲ ಸೋಪಿನಲ್ಲಿ ಕೈ ತಿಕ್ಕಿ ತೊಳೆದು, ಸೆರಗಿಗೆ ಒರೆಸಿಕೊಂಡು, ಆಮೇಲೆ ಆ ಕಾಗದವನ್ನು ಹಿಡಿದಳು. ಅದನ್ನು ನೋಡುತ್ತಿದ್ದ ಮಗಳಿಗೆ ಅಳು ತಡೆಯಲಾಗಲಿಲ್ಲ.

"ಯಾಕ ಬೇಟಿ, ಕಣ್ಣಾಗ ಖಾರ ಹೋತೇನು?"

ಐದು ದಿನದಿಂದ ಮೆಣಸಿನಕಾಯಿ ಮುಟ್ಟಿರದ ದಿಲನಾಜ "ಹೂಂ, ಅಮ್ಮಿ" ಎಂದಳು.